ಗುಂಡಿ ಒತ್ತಬೇಡಿ, ಅದು ಲೆಕ್ಕ ನೋಡುತ್ತಿದೆ

ಕಳೆದ ವಾರ ಇಚಲಕರಂಜಿಯ ಶಿಕ್ಷಕ ಮಿತ್ರರೊಬ್ಬರು ಫೋನ್ ಮಾಡಿದ್ದರು. "ಸರ, ನಮ್ಮ ಲಿನಕ್ಸ್ ಕಂಪ್ಯೂಟರ್ ಚಾಲೂ ಆಗಾಕ ಅರ್ಧಾ ತಾಸು ಹಿಡಿತೈತ್ರಿ. ಅಷ್ಟರಾಗ ಪಿರಿಯಡ್ಡ ಮುಗದಿರತೈತಿ. ಆ ಚೆಕಿಂಗ್ ಬಂದ್ ಮಾಡೂದು ಹ್ಯಾಂಗ ಹೇಳ್ರಿ" ಅಂದರು. ಗಡಹಿಂಗ್ಲಜ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ, ಮಳೆಗಾಲದಲ್ಲಂತೂ ಹೆಚ್ಚು. ಬಂದ್ ಮಾಡುವ ದಾರಿ ಇದೆ. ಆದರೆ ಮೊದಲೇ ಅದನ್ನು ಹೇಳಿಕೊಡುವುದು ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಈ ತಪಾಸಣೆಯ ಹೆಸರು ಎಫ್‌ಎಸ್‌ಸಿಕೆ. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ, ಒಂದೇ ಜಾಗಕ್ಕೆ ಎರಡು ಫೈಲುಗಳು ಹಕ್ಕು ಹೇಳುತ್ತಿವೆಯೇ, ಖಾಲಿ ಜಾಗದ ಲೆಕ್ಕ ಕೂಡುತ್ತದೆಯೇ ಎಂದು ಐದು ಸುತ್ತಿನಲ್ಲಿ ನೋಡುತ್ತದೆ. ವರ್ಷದ ಕೊನೆಗೆ ನಾವು ರಜಿಸ್ಟರ್ ಹಿಡಿದು ಬೆಂಚು, ನಕಾಶೆ ಎಣಿಸುತ್ತೇವಲ್ಲ, ಹಾಗೆ. ಹಳೆಯ ಇಎಕ್ಸ್‌ಟಿ೨ ಪದ್ಧತಿಯಲ್ಲಿ ಲೈಟು ಹೋಗಿ ಕಂಪ್ಯೂಟರ್ ಆರಿತೆಂದರೆ ಪ್ರತಿ ಸಲವೂ ಇಡೀ ಎಣಿಕೆ. ೨೦೦೧ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿದ ಇಎಕ್ಸ್‌ಟಿ೩ 'ಜರ್ನಲ್' ತಂದಿತು. ಇಚಲಕರಂಜಿಯ ನೂಲಿನ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅದು ಕಿರ್ದಿ ಪುಸ್ತಕ. ಖಾತೆ ಬರೆಯುವುದು ಅರ್ಧಕ್ಕೆ ನಿಂತರೆ ಕಿರ್ದಿ ನೋಡಿ ಸರಿಪಡಿಸಿದರಾಯಿತು, ಸೆಕೆಂಡುಗಳ ಕೆಲಸ. ೨೦೦೮ರ ಕೊನೆಗೆ ಸಿದ್ಧವಾದ ಇಎಕ್ಸ್‌ಟಿ೪ ಬಳಕೆಯಾಗದ ಭಾಗಗಳನ್ನು ಬಿಟ್ಟು ಎಣಿಸುವುದರಿಂದ ಪೂರ್ತಿ ತಪಾಸಣೆಯೂ ಬೇಗ ಮುಗಿಯುತ್ತದೆ.

ಹಾಗಾದರೆ ಅರ್ಧ ತಾಸು ಯಾಕೆ? ೨೦೧೧ಕ್ಕಿಂತ ಮುಂಚೆ ತಯಾರಾದ ಡಿಸ್ಕುಗಳಲ್ಲಿ ಇಂತಿಷ್ಟು ಸಲ ಚಾಲೂ ಆದ ಮೇಲೆ, ಇಲ್ಲವೇ ೧೮೦ ದಿನಕ್ಕೊಮ್ಮೆ ಪೂರ್ತಿ ತಪಾಸಣೆ ಎಂಬ ನಿಯಮ ಸಾಮಾನ್ಯವಾಗಿ ಇರುತ್ತಿತ್ತು. ನಮ್ಮ ಶಾಲೆಗಳಿಗೆ ದಾನ ಬಂದ ಯಂತ್ರಗಳಲ್ಲಿ ಅದು ಈಗಲೂ ಇದೆ. ಇನ್ನೊಂದು ಕಾರಣ ಯಾರ ತಲೆಗೂ ಹೊಳೆಯುವುದಿಲ್ಲ. ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದು ಸತ್ತಿದ್ದರೆ ಲೈಟು ಹೋದಾಗಲೆಲ್ಲ ಕಂಪ್ಯೂಟರಿನ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಹಿಂದಿನ ತಪಾಸಣೆಯ ತಾರೀಖು ಮುಂದಿನ ಕಾಲದ್ದಾಗಿ ಕಾಣುತ್ತದೆ. ಯಂತ್ರಕ್ಕೆ ಅನುಮಾನ ಬಂದು ಮತ್ತೆ ಮೊದಲಿಂದ ಎಣಿಸಲು ಕೂಡುತ್ತದೆ.

ರಿಪೇರಿಯವರನ್ನು ಕರೆದರೆ ಅವರು ಟ್ಯೂನ್‌ಟುಎಫ್‌ಎಸ್ ಎಂಬ ಆಜ್ಞೆಯಿಂದ ಸಲದ ಲೆಕ್ಕವನ್ನೂ ದಿನದ ಲೆಕ್ಕವನ್ನೂ ಸೊನ್ನೆ ಮಾಡಿ ಹೋಗುತ್ತಾರೆ. ಮರುದಿನದಿಂದ ಕಂಪ್ಯೂಟರ್ ಬೇಗ ಏಳುತ್ತದೆ, ನಮಗೂ ಖುಷಿ. ಡಿಸ್ಕು ಮಾತ್ರ ಒಳಗೊಳಗೇ ಕೆಡುತ್ತಿದ್ದರೂ ಗೊತ್ತಾಗುವುದು ತಡ.

ಇದಕ್ಕಿಂತ ಕೆಟ್ಟದ್ದು ತಪಾಸಣೆ ನಡೆದಿರುವಾಗ ಗುಂಡಿ ಒತ್ತುವುದು. ನಮ್ಮಲ್ಲೇ ಒಮ್ಮೆ ಆಯಿತು. ಪರದೆಯ ಮೇಲೆ ಬರೀ ಇಂಗ್ಲಿಷ್ ಸಾಲುಗಳು ಓಡುತ್ತಿದ್ದವು. ಏಳನೆಯ ಇಯತ್ತೆಯ ಹುಡುಗ "ಸರ, ಕಂಪ್ಯೂಟರ್ ಕೆಟ್ಟೈತ್ರಿ" ಎಂದು ಆರಿಸಿಬಿಟ್ಟ. ಅವನದೇನು ತಪ್ಪು? ಅಲ್ಲಿ ಏನು ನಡೆದಿದೆ ಎಂದು ನಾವು ಎಂದೂ ಹೇಳಿರಲಿಲ್ಲ. ಎರಡು ವರ್ಷದ ಅಭ್ಯಾಸ ಪತ್ರಿಕೆಗಳು 'ಲಾಸ್ಟ್+ಫೌಂಡ್' ಕಪಾಟಿನಲ್ಲಿ ಹೆಸರಿಲ್ಲದೆ ಬರೀ ಸಂಖ್ಯೆಗಳಾಗಿ ಸಿಕ್ಕವು, ಕೆಲವು ಸಿಗಲೇ ಇಲ್ಲ. ಪಠ್ಯಪುಸ್ತಕವನ್ನು ಬಾಲಭಾರತಿ ಕನ್ನಡದಲ್ಲೂ ಅಚ್ಚು ಹಾಕುತ್ತದೆ, ನಿಜ. ಅಭ್ಯಾಸ ಪತ್ರಿಕೆ ಬೇಕೆಂದರೆ ಕೊಲ್ಹಾಪುರದ ಪೇಟೆಯಲ್ಲಿ ಮರಾಠಿಯವು ರಾಶಿ ಬಿದ್ದಿರುತ್ತವೆ, ನಮ್ಮವನ್ನು ನಾವೇ ಕೂತು ಟೈಪು ಮಾಡಬೇಕು.

ಕಾಸರಗೋಡಿನ ಕನ್ನಡ ಶಾಲೆಗಳೂ ಲಿನಕ್ಸ್‌ನಲ್ಲೇ ಕಲಿಸುತ್ತವೆ. ಆದರೆ ಅವರ ಬೆನ್ನಿಗೆ ೨೦೦೧ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಆಗಿರುವ ಕೇರಳದ ಸರಕಾರಿ ಸಂಸ್ಥೆ ಇದೆ. ನಮ್ಮ ಬೆನ್ನಿಗೆ ನಾವೇ.

ಆದ್ದರಿಂದ ತಪಾಸಣೆ ಬಿಡಬೇಡಿ, ಅದರ ವೇಳೆ ಬದಲಿಸಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಯುಪಿಎಸ್ ಇರುವ ಕಡೆ ಯಂತ್ರವನ್ನು ಮತ್ತೆ ಚಾಲೂ ಮಾಡಿ, ಗ್ರಬ್ ಮೆನುವಿನಲ್ಲಿ ಕರ್ನೆಲ್ ಸಾಲಿನ ಕೊನೆಗೆ 'ಎಫ್‌ಎಸ್‌ಸಿಕೆ.ಮೋಡ್=ಫೋರ್ಸ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದರೆ ಸಾಕು. ಈಗಿನ ಹೆಚ್ಚಿನ ಲಿನಕ್ಸ್‌ಗಳು ಇದನ್ನು ಕೇಳುತ್ತವೆ. ಹಳೆಯ ಯಂತ್ರವಾದರೆ ಸಲದ ಲೆಕ್ಕವನ್ನು ಒಂದಕ್ಕೆ ೩೦, ಇನ್ನೊಂದಕ್ಕೆ ೩೭, ಮತ್ತೊಂದಕ್ಕೆ ೪೪ ಎಂದು ಬೇರೆ ಬೇರೆ ಇಡಿ, ಎಲ್ಲವೂ ಒಂದೇ ದಿನ ಎಣಿಸಲು ಕೂಡುವುದಿಲ್ಲ. ಚಾಲೂ ಇರುವ ಡಿಸ್ಕಿನ ಮೇಲೆ ಮಾತ್ರ ಎಫ್‌ಎಸ್‌ಸಿಕೆ ಓಡಿಸಬೇಡಿ, ಇದ್ದದ್ದೂ ಹೋಗುತ್ತದೆ. ಮಾನಿಟರಿನ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: "ಯಂತ್ರ ಲೆಕ್ಕ ನೋಡುತ್ತಿದೆ. ಗುಂಡಿ ಮುಟ್ಟಬೇಡ. ಸರ್‌ಗೆ ಹೇಳು."

ಇಚಲಕರಂಜಿಯ ಮಿತ್ರರಿಗೆ ಮೊದಲು ತಾರೀಖು ನೋಡಿ ಎಂದೆವು. ಆರು ಯಂತ್ರಗಳಲ್ಲಿ ನಾಲ್ಕು ೨೦೦೯ ತೋರಿಸುತ್ತಿದ್ದವಂತೆ. ನಾಲ್ಕು ಸೆಲ್ ತಂದು ಹಾಕಿದರು, ಅವು ಈಗ ಸರಿಯಾಗಿವೆ. ಐದನೆಯದು ಚಾಲೂ ಆದಾಗಲೆಲ್ಲ ತಪ್ಪು ತೋರಿಸುತ್ತಿದೆ. ಅದರಲ್ಲಿನ ಪ್ರಶ್ನೆಪತ್ರಿಕೆಗಳನ್ನು ಈ ಶನಿವಾರ ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಂಡು ಆಮೇಲೆ ಡಿಸ್ಕು ನೋಡೋಣ ಎಂದಿದ್ದೇವೆ.