ಬಿಲ್ಲು ಓದಲು ಬಾರದ ನಾವು

ಕಳೆದ ತಿಂಗಳು ಅರ್ಥಶಾಸ್ತ್ರದ ತರಗತಿಯಲ್ಲಿ ನಮ್ಮ ಉಪನ್ಯಾಸಕರು ಅಮೆರಿಕದ ಆಸ್ಪತ್ರೆಗಳ ಬಗ್ಗೆ ಹೇಳುತ್ತಿದ್ದರು. ಅಲ್ಲಿ ಆಂಬ್ಯುಲೆನ್ಸ್ ಹತ್ತಿದರೂ ಮನೆಗೆ ಬಿಲ್ಲು ಬರುತ್ತದೆ, ಆಸ್ಪತ್ರೆಯ ಸಾಲ ತೀರಿಸಲು ಜನ ವರ್ಷಗಟ್ಟಲೆ ದುಡಿಯುತ್ತಾರೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಹಂಗಾದ್ರ ನಮ್ಮ ಹಂಸಭಾವಿನೇ ಚಲೋ ಬಿಡ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ನಗು ನನ್ನ ಬಾಯಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ಚಾಚಾ ಅವರ ಆಸ್ಪತ್ರೆ ಬಿಲ್ಲು ಇನ್ನೂ ಇದೆ.

ಚಾಚಾ ರಸ್ತೆ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವರು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಕೂತರು. ಮೈಯೆಲ್ಲ ಬೆವರು. 108ಕ್ಕೆ ಫೋನ್ ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಪಕ್ಕದ ಓಣಿಯವರ ಕಾರು ಸಿಕ್ಕಿತು. ಡ್ರೈವರ್ ತನಗೆ ಗೊತ್ತಿದ್ದ ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೌಂಟರಿನಲ್ಲಿದ್ದವರು, "ಐವತ್ತು ಸಾವಿರ ಕಟ್ಟಿ ಬರ್ರಿ, ಅಷ್ಟರಾಗ ನಾವು ತಯಾರಿ ಮಾಡ್ತೀವಿ" ಎಂದರು. ಅಬ್ಬಾ ಹೊರಗೆ ನಿಂತು ಕತ್ತಲಲ್ಲೇ ಒಬ್ಬೊಬ್ಬರಿಗೆ ಫೋನ್ ಹಚ್ಚತೊಡಗಿದರು.

ಚಾಚಾ ಬದುಕಿದರು. ಅದನ್ನು ಮೊದಲು ಹೇಳಬೇಕು. ಸ್ಟೆಂಟ್ ಹಾಕಿದ ಡಾಕ್ಟರರ ಕೈಗೆ ನಮ್ಮ ಮನೆಯವರೆಲ್ಲ ಋಣಿಗಳು. ಆದರೆ ಐದನೆಯ ದಿನ ಕೈಗೆ ಬಂದ ಬಿಲ್ಲು 2 ಲಕ್ಷ 14 ಸಾವಿರ ರೂಪಾಯಿ. ಚಾಚಿಯ ಬಳೆಗಳಿಂದ 60 ಸಾವಿರ, ಎಮ್ಮೆ ಮಾರಿದ್ದರಿಂದ 45 ಸಾವಿರ, ಸಹಕಾರಿ ಸಂಘದಲ್ಲಿ ಚಾಚಾ ಹೆಸರಿನ ಸಾಲ 40 ಸಾವಿರ, ಜಮಾತಿನವರು ಎತ್ತಿಕೊಟ್ಟ ಚಂದಾ 19 ಸಾವಿರ. ಉಳಿದ 50 ಸಾವಿರ ನಮ್ಮ ಆಪಾ ನರ್ಸಿಂಗ್ ಕೋರ್ಸ್ ಸೇರಲೆಂದು ಅಬ್ಬಾ ಕೂಡಿಟ್ಟಿದ್ದ ಹಣ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಜಮಾ, ಖರ್ಚು, ಶಿಲ್ಕು ಎಲ್ಲ ಕಲಿತಿದ್ದೇನೆ. ಆದರೂ ಆ ನಾಲ್ಕು ಹಾಳೆಯ ಬಿಲ್ಲು ನನಗೆ ಓದಲು ಬರಲಿಲ್ಲ. ಅದರಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಸ್ಟೆಂಟಿನ ಸಾಲು ಒಂದೇ. ಯಾಕೆಂದರೆ ಅದರ ಗರಿಷ್ಠ ಬೆಲೆಯನ್ನು ಸರ್ಕಾರವೇ ನಿಗದಿ ಮಾಡಿದೆ. 2017ರ ಫೆಬ್ರವರಿಗೆ ಮುಂಚೆ ಔಷಧ ಲೇಪಿತ ಸ್ಟೆಂಟಿಗೆ ಲಕ್ಷ ರೂಪಾಯಿ ದಾಟಿ ಬಿಲ್ಲು ಹಾಕುತ್ತಿದ್ದರು. ಆ ತಿಂಗಳು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿಯ ಮಿತಿ ಹಾಕಿತು. ಆಮೇಲೆ ಆ ಮಿತಿ ಸ್ವಲ್ಪ ಏರಿದೆ, ಅಷ್ಟೆ. ನಮ್ಮ ಬಿಲ್ಲಿನ ಮಿಕ್ಕ ಸಾಲುಗಳಿಗೆ, ಅಂದರೆ ಹಾಸಿಗೆ, ಕೈಗವಸು, ಸಿರಿಂಜು, ಮಾನಿಟರ್, ವಿಸಿಟ್ ಇವುಗಳಿಗೆ ಯಾವ ಮಿತಿ ಇದೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಆಸ್ಪತ್ರೆಯ ಹಾಸಿಗೆಗೆ ಆ ಗಾದೆ ನಡೆಯುವುದಿಲ್ಲ. ಅಲ್ಲಿ ಕಾಲು ಚಾಚಿದ ಮೇಲೆಯೇ ಹಾಸಿಗೆಯ ಬೆಲೆ ಗೊತ್ತಾಗುತ್ತದೆ.

ಅಮೆರಿಕದ ರೋಗವೂ ಇದೇ. ಆ ದೇಶದಲ್ಲಿ ಹಣವಿಲ್ಲ ಎಂದಲ್ಲ. 2023ರಲ್ಲಿ ಆ ದೇಶದ ಒಟ್ಟು ಉತ್ಪನ್ನದ ಶೇ. 17.6ರಷ್ಟು ಆರೋಗ್ಯಕ್ಕೇ ಖರ್ಚಾಗಿದೆ. ಆದರೆ ಒಂದೇ ಚಿಕಿತ್ಸೆಗೆ ಒಂದು ವಿಮಾ ಕಂಪನಿಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ, ವಿಮೆ ಇಲ್ಲದವರಿಗೆ ಮತ್ತೊಂದು ದರ. ಒಳಗೆ ಹೋಗುವಾಗ ಬೆಲೆ ಕಾಣುವುದಿಲ್ಲ, ಹೊರಗೆ ಬಂದ ಮೇಲೆ ಕಾಣುತ್ತದೆ. ಅನಿರೀಕ್ಷಿತ ಬಿಲ್ಲುಗಳನ್ನು ತಡೆಯಲೆಂದೇ ಅವರು ಒಂದು ಕಾನೂನು ಮಾಡಬೇಕಾಯಿತು, ಅದು 2022ರಲ್ಲಿ ಜಾರಿಗೆ ಬಂತು. ಅಷ್ಟಾದರೂ ಆಂಬ್ಯುಲೆನ್ಸ್ ವಾಹನದ ಬಿಲ್ಲು ಅದರ ಹೊರಗೇ ಉಳಿಯಿತು. ಹಣ ಸುರಿದ ಮಾತ್ರಕ್ಕೆ ಈ ರೋಗ ವಾಸಿಯಾಗುವುದಿಲ್ಲ, ಬೆಲೆಯನ್ನು ಬೆಳಕಿಗೆ ತರಬೇಕು ಎಂಬುದು ನಾವು ಅಲ್ಲಿಂದ ಕಲಿಯಬೇಕಾದ ಪಾಠ.

ನಮ್ಮಲ್ಲಿ ಪರಿಸ್ಥಿತಿ ಸುಧಾರಿಸಿಲ್ಲವೇ? ಸುಧಾರಿಸಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಡುತ್ತಿದ್ದರು. 2021-22ರಲ್ಲಿ ಅದು ಶೇ. 39.4ಕ್ಕೆ ಇಳಿದಿದೆ. ಇಳಿದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ಬಳೆ, ಎಮ್ಮೆ, ಸಾಲಗಳಿಂದಲೇ ಬರುತ್ತಿದೆ ಎಂದರ್ಥ.

ನನಗೆ ಹೆಚ್ಚು ನೋವಾದದ್ದು ಆಮೇಲೆ. ಚಾಚಾ ಮನೆಗೆ ಬಂದು ಒಂದು ತಿಂಗಳಾದ ಮೇಲೆ ನಮ್ಮ ಓಣಿಯ ಆಶಾ ಅಕ್ಕ ಬಂದು ಕೇಳಿದರು: "ಬಿಪಿಎಲ್ ಕಾರ್ಡ್ ಐತಲ್ಲ, ಯಾಕ ತೋರಿಸಲಿಲ್ಲ?" ಕಾರ್ಡು ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದೇ ಟ್ರಂಕಿನಲ್ಲಿ ಇಟ್ಟಿದ್ದೆವು. ನಮ್ಮ ಪಾಲಿಗೆ ಅದು ಅಕ್ಕಿ ತರುವ ಕಾರ್ಡು ಮಾತ್ರ ಆಗಿತ್ತು.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಜೀವಕ್ಕೆ ಅಪಾಯವಿರುವ ಗೊತ್ತುಪಡಿಸಿದ ತುರ್ತು ಚಿಕಿತ್ಸೆಗಳಿಗೆ ಆ ಪತ್ರವೂ ಬೇಕಿಲ್ಲ, ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ನಾವು ಹೋದ ಆಸ್ಪತ್ರೆ ಆ ಪಟ್ಟಿಯಲ್ಲಿ ಇರಲಿಲ್ಲ. ಇದೆಯೋ ಇಲ್ಲವೋ ಎಂದು ನಾವು ಕೇಳಲೂ ಇಲ್ಲ.

ಇನ್ನೊಂದು ಮಾತು. ಚಾಚಾ ಸಾಲ ತೆಗೆದ ಸಹಕಾರಿ ಸಂಘದ ಗೋಡೆಯ ಮೇಲೆಯೇ ಯಶಸ್ವಿನಿ ಯೋಜನೆಯ ಚೀಟಿ ಅಂಟಿಸಿತ್ತು. ಈ ಯಶಸ್ವಿನಿ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಕಲ್ಪನೆ. 2003ರಲ್ಲಿ ಜಾರಿಗೆ ಬಂದಾಗ ರೈತ ಕಟ್ಟಬೇಕಾದದ್ದು ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಲಕ್ಷಾಂತರ ಜನ ಚೂರು ಚೂರು ಹಾಕಿದರೆ ಒಬ್ಬನ ಆಪರೇಷನ್ ನಡೆಯುತ್ತದೆ ಎಂಬ ಸರಳ ಲೆಕ್ಕ ಅದು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ರೈತರು ಕೇಳಿದ ಮೇಲೆ 2022ರ ಕೊನೆಯಲ್ಲಿ ಮತ್ತೆ ನೋಂದಣಿ ತೆರೆದರು, ಗ್ರಾಮೀಣ ಸಹಕಾರಿ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಚಾಚಾ ಆ ಸಂಘದ ಸದಸ್ಯರು. ಐದು ನೂರು ಕಟ್ಟದೆ ನಲವತ್ತು ಸಾವಿರ ಸಾಲ ತೆಗೆದೆವು.

ಹಾಗಾದರೆ ತಪ್ಪು ನಮ್ಮದೇ ಅಲ್ಲವೇ ಎಂದು ಕೆಲವರು ಕೇಳಬಹುದು. ಅರ್ಧ ನಮ್ಮದು, ಒಪ್ಪುತ್ತೇನೆ. ಆದರೆ ಎದೆ ಹಿಡಿದುಕೊಂಡವನನ್ನು ಕಾರಿನಲ್ಲಿ ಮಲಗಿಸಿಕೊಂಡವರು ಪಟ್ಟಿ ಹುಡುಕುತ್ತಾ ಕೂರಲು ಆಗುತ್ತದೆಯೇ? ಬಟ್ಟೆ ಅಂಗಡಿಯಲ್ಲಿ ಬೆಲೆ ಜಾಸ್ತಿಯಾದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ. ಆಸ್ಪತ್ರೆಯಲ್ಲಿ ಹಾಗೆ ಎದ್ದು ಹೋಗಲು ಬರುವುದಿಲ್ಲ. ಎದ್ದು ಹೋಗಲು ಆಗದ ಗಿರಾಕಿಯ ಮುಂದೆ ಬೆಲೆಯನ್ನು ಬರೀ ಮಾರುಕಟ್ಟೆಗೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಇದು ಆಗದ ಮಾತಲ್ಲ. 2020ರ ಜೂನ್‌ನಲ್ಲಿ ಕೋವಿಡ್ ಸಮಯದಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದಿನದ ದರ ನಿಗದಿ ಮಾಡಿತ್ತು. ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ 5,200 ರೂಪಾಯಿ, ತಾವೇ ಹಣ ಕಟ್ಟುವವರಿಗೆ 10,000 ರೂಪಾಯಿ. ದರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ, ಒಂದು ಮಿತಿ ಹಾಕಲು ಸಾಧ್ಯ ಎಂಬುದಂತೂ ಗೊತ್ತಾಯಿತು.

ಅದಕ್ಕೂ ಮುಂಚೆ 2017ರಲ್ಲಿ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಚಿಕಿತ್ಸೆಗಳಿಗೆಲ್ಲ ಸರ್ಕಾರವೇ ದರ ನಿಗದಿ ಮಾಡಬೇಕು, ತಪ್ಪಿದವರಿಗೆ ಜೈಲು ಶಿಕ್ಷೆ ಎಂದು ಮಸೂದೆಯಲ್ಲಿ ಇತ್ತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರಾಜ್ಯದ ತುಂಬ ರೋಗಿಗಳು ಬಾಗಿಲು ಬಾಗಿಲು ಅಲೆದರು. ಕೊನೆಗೆ ಜೈಲು ಶಿಕ್ಷೆ ಬಿಟ್ಟುಹೋಯಿತು, ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗೆ ಸೀಮಿತವಾಯಿತು. ಆದರೂ ಕೆಲವು ಒಳ್ಳೆಯ ಅಂಶಗಳು ಉಳಿದವು: ಆಸ್ಪತ್ರೆ ತನ್ನ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ಬಾಕಿ ಹಣಕ್ಕಾಗಿ ಮೃತದೇಹವನ್ನು ಹಿಡಿದಿಡಬಾರದು, ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಡಾಕ್ಟರರ ಮಾತನ್ನೂ ಕೇಳಬೇಕು. ಸಣ್ಣ ಊರಿನಲ್ಲಿ ನರ್ಸಿಂಗ್ ಹೋಮ್ ನಡೆಸುವವರಿಗೆ ಯಂತ್ರದ ಸಾಲ ಇರುತ್ತದೆ, ಸಿಬ್ಬಂದಿಯ ಸಂಬಳ ಇರುತ್ತದೆ. ಸರ್ಕಾರದ ಪ್ಯಾಕೇಜ್ ದರ ಕಡಿಮೆ, ಆ ಹಣವೂ ತಡವಾಗಿ ಬರುತ್ತದೆ ಎಂಬುದು ಅವರ ದೂರು. ಈ ದೂರಿನಲ್ಲಿ ಹುರುಳಿದೆ. ಅದಕ್ಕೆ ಉತ್ತರ ಸರ್ಕಾರ ಸಮಯಕ್ಕೆ ಹಣ ಕೊಡುವುದು, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞರ ಖಾಲಿ ಹುದ್ದೆ ಉಳಿಯದಂತೆ ನೋಡಿಕೊಳ್ಳುವುದು. ಚಾಚಿಯ ಬಳೆ ಅದಕ್ಕೆ ಉತ್ತರವಲ್ಲ.

ಚಂದಾ ಬಗ್ಗೆಯೂ ಒಂದು ಮಾತು. ಶುಕ್ರವಾರ ನಮಾಜಿನ ನಂತರ ಚಾದರ ಹಾಸಿದಾಗ ದಿನಗೂಲಿಯವರೂ ಹತ್ತು ರೂಪಾಯಿ ಹಾಕಿದರು. ಅಂಗಡಿಯ ಗಿರಾಕಿಗಳು, ಬೇರೆ ಓಣಿಯವರು, ಎತ್ತಿನ ಸಂತೆಯಿಂದ ಬರುತ್ತಿದ್ದ ರೈತರೂ ಕೊಟ್ಟರು. ಅದನ್ನು ನಮ್ಮ ಮನೆ ಮರೆಯುವುದಿಲ್ಲ. ಆದರೆ ಅಷ್ಟು ಜನರ ಅಷ್ಟು ಒಳ್ಳೆಯತನ ಸೇರಿ ಬಿಲ್ಲಿನ ಹತ್ತರಲ್ಲಿ ಒಂದು ಪಾಲೂ ತುಂಬಲಿಲ್ಲ. ಮುಂದಿನ ತಿಂಗಳು ಇನ್ನೊಂದು ಮನೆಗೆ ಇದೇ ಗತಿ ಬಂದರೆ ಚಾದರ ಮತ್ತೆ ಎಷ್ಟು ಸಲ ಹಾಸುವುದು?

ಅದಕ್ಕೇ ಈ ಬರಹ. ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕಕ್ಕೆ, ಪ್ರಾಂಶುಪಾಲರಿಗೆ, ಗುರುಗಳಿಗೆ ನನ್ನ ವಿನಂತಿ ಇಷ್ಟು. ಈ ವರ್ಷದ ಶಿಬಿರದಲ್ಲಿ ಒಂದು ದಿನವನ್ನು ಇದಕ್ಕೆ ಕೊಡಿ. ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಯಾವ ಆಸ್ಪತ್ರೆಗಳು ಯೋಜನೆಯಲ್ಲಿವೆ ಎಂಬ ಪಟ್ಟಿಯನ್ನು ಆರೋಗ್ಯ ಇಲಾಖೆಯಿಂದ ತಂದು ಒಂದು ಹಾಳೆ ಮಾಡೋಣ. ಅದರ ಮೇಲೆ 108 ಮತ್ತು ಆರೋಗ್ಯವಾಣಿ 104 ದಪ್ಪ ಅಕ್ಷರದಲ್ಲಿ ಇರಲಿ. ಪ್ರತಿಯೊಬ್ಬ ವಿದ್ಯಾರ್ಥಿ ಅದನ್ನು ತನ್ನ ಮನೆಗೆ ಮತ್ತು ಪಕ್ಕದ ಐದು ಮನೆಗೆ ಒಯ್ಯಲಿ. ಸಂಘದ ಸದಸ್ಯರಿದ್ದರೆ ಯಶಸ್ವಿನಿಯ ಕೊನೆಯ ದಿನಾಂಕ ಕೇಳಿ ಬರಲಿ. ಪಡಿತರ ಚೀಟಿ, ಆಧಾರ್ ಎರಡರ ನಕಲನ್ನೂ ಬಾಗಿಲ ಹತ್ತಿರ, ಕೈಗೆ ಸಿಗುವ ಕಡೆ ಇಡಲು ಹೇಳಲಿ. ಆಸ್ಪತ್ರೆಗೆ ಹೋದರೆ ಕೇಳಬೇಕಾದ ಮೊದಲ ಪ್ರಶ್ನೆಗಳು ಎರಡೇ: "ನೀವು ಯೋಜನೆಯಲ್ಲಿ ಇದ್ದೀರಾ? ಆರೋಗ್ಯಮಿತ್ರ ಎಲ್ಲಿದ್ದಾರೆ?" ಇಷ್ಟು ಕೇಳಲು ಡಿಗ್ರಿ ಬೇಕಾಗಿಲ್ಲ, ಪಿಯುಸಿ ಸಾಕು.

ಚಾಚಾ ಈಗ ಮತ್ತೆ ಅಂಗಡಿಗೆ ಹೋಗುತ್ತಿದ್ದಾರೆ. ಭಾರ ಎತ್ತುವಂತಿಲ್ಲ, ಲಾರಿ ಟೈರು ಬಂದರೆ ಹುಡುಗನನ್ನು ಕರೆಯುತ್ತಾರೆ. ಆಪಾ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದಾಳೆ, ಮುಂದಿನ ವರ್ಷ ಸೇರುತ್ತೇನೆ ಎನ್ನುತ್ತಾಳೆ. ಚಾಚಾ ಅವಳ ಎದುರು ಕೂರುವಾಗ ತಲೆ ಎತ್ತುವುದಿಲ್ಲ. ಕಾಯಿಲೆ ಬಿದ್ದದ್ದು ತಾನು ಮಾಡಿದ ತಪ್ಪು ಎಂಬಂತೆ ಒಬ್ಬ ಮನುಷ್ಯ ತನ್ನ ಮನೆಯಲ್ಲೇ ತಲೆ ತಗ್ಗಿಸಿ ಕೂರುವುದನ್ನು ನಾನು ದಿನಾ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಯಾರೂ ಹಾಗೆ ಕೂರುವುದು ಬೇಡ. ಇವತ್ತು ಮನೆಗೆ ಹೋದ ಕೂಡಲೇ ಟ್ರಂಕು ತೆಗೆಯಿರಿ, ಕಾರ್ಡು ಎಲ್ಲಿದೆ ನೋಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ