ಏಳು ದಿನಕ್ಕೆ ಮೂಳೆ ಕೂಡುತ್ತಾ ಸ್ವಾಮಿ?

ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವನ ಕಾಲಿಗೆ ರಾಡ್ ಹಾಕಿದರು, ಹೊಲಿಗೆ ಬಿಚ್ಚಿದರು, ಮನೆಗೆ ಕಳಿಸಿದರು. ಅಲ್ಲಿಗೆ ಕತೆ ಮುಗೀತು ಅಂತ ಸರ್ಕಾರ ಕಡತ ಮುಚ್ಚುತ್ತದೆ. ಆದರೆ ಎಷ್ಟೋ ಜನರಿಗೆ ಅಸಲಿ ಕತೆ ಶುರುವಾಗೋದೇ ಆಮೇಲೆ. ಒಂದೆರಡು ತಿಂಗಳಿಗೆ ಗಾಯದ ಮೇಲೊಂದು ಸಣ್ಣ ತೂತು. ಅದರಿಂದ ಕೀವು. ಮಾತ್ರೆ ನುಂಗಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಸೋರುತ್ತದೆ. ಅಂಗಡಿಗೆ ಬೀಗ ಹಾಕಿ, ಬಸ್ಸು ಹಿಡಿದು ಊರೂರು ಅಲೆಯೋದೇ ಕೆಲಸ.

ಇದು ಹಣೆಬರಹ ಅಲ್ಲ, ಮೂಳೆಯ ಸೋಂಕು. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಮೇಲೆ ಮಾಂಸದ ಹೊದಿಕೆ ಇಲ್ಲ, ಬರೀ ಚರ್ಮ. ಮುರಿದ ಮೂಳೆ ಅದನ್ನು ಸೀಳಿಕೊಂಡು ಹೊರಬಂದರೆ ರಸ್ತೆಯ ಮಣ್ಣು, ರೋಗಾಣು ಒಳಗೆ ಹೋಗುತ್ತವೆ. ನೀರಿನ ತೊಟ್ಟಿಗೆ ಪಾಚಿ ಹಿಡಿದ ಹಾಗೆ ಈ ರೋಗಾಣುಗಳು ರಾಡಿಗೆ ಅಂಟಿಕೊಂಡು ಸುತ್ತ ಪೊರೆ ಕಟ್ಟಿಕೊಳ್ಳುತ್ತವೆ. ನುಂಗಿದ ಮಾತ್ರೆ ರಕ್ತದ ಮೂಲಕ ಅಲ್ಲಿಗೆ ಮುಟ್ಟಬೇಕು. ಸತ್ತ ಮೂಳೆಗೆ ರಕ್ತವೇ ಹರಿಯದಿದ್ದರೆ ಮಾತ್ರೆ ಏನು ಮಾಡೀತು?

ಉಪಾಯ ಇದೆ, ಹೊಸದೂ ಅಲ್ಲ. 1970ರಲ್ಲೇ ಜರ್ಮನಿಯ ಬುಖೋಲ್ಜ್ ಮತ್ತು ಎಂಗೆಲ್‌ಬ್ರೆಕ್ಟ್ ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದ ವಿಚಾರ ಪ್ರಕಟಿಸಿದರು. ಇದು ಮನೆ ಕಟ್ಟುವ ಸಿಮೆಂಟಲ್ಲ, ಹಲ್ಲಿನ ಸೆಟ್ಟಿಗೆ ಬಳಸುವಂಥ ಅಕ್ರಿಲಿಕ್. 2002ರಲ್ಲಿ ಅಮೆರಿಕದ ಪೇಲಿ ಮತ್ತು ಹರ್ಜೆನ್‌ಬರ್ಗ್ ಅದನ್ನೇ ರಾಡಿನ ಮೇಲೆ ಬಳಿದು ಸೋಂಕು ತಗುಲಿದ ಮೂಳೆಯೊಳಗೆ ಇಟ್ಟ ವರದಿ ಕೊಟ್ಟರು. ಆಪರೇಷನ್ ಕೋಣೆಯಲ್ಲೇ ಸಿಮೆಂಟು, ಜೆಂಟಾಮೈಸಿನ್ ಅಥವಾ ವ್ಯಾಂಕೊಮೈಸಿನ್ ಕಲಸಿ, ಎದೆಗೆ ಹಾಕುವ ಪ್ಲಾಸ್ಟಿಕ್ ಕೊಳವೆಗೆ ತುಂಬಿ, ನಡುವೆ ಸಣ್ಣ ರಾಡ್ ಇಡುತ್ತಾರೆ. ಗಟ್ಟಿಯಾದ ಮೇಲೆ ಕೊಳವೆ ಸೀಳಿ ತೆಗೆದರೆ ಔಷಧಿ ಬಳಿದ ರಾಡ್ ಸಿದ್ಧ. ರಕ್ತದಲ್ಲಿ ಬರುವುದಕ್ಕಿಂತ ಹತ್ತಾರು ಪಟ್ಟು ಔಷಧಿ ನೇರ ಮೂಳೆಗೇ ಸಿಗುತ್ತದೆ.

ಹಾಗಂತ ಇದು ಮಂತ್ರದ ಕೋಲಲ್ಲ. ಮೊದಲು ಹಳೇ ರಾಡ್ ತೆಗೆದು, ಸತ್ತ ಮೂಳೆ ಕೆರೆದು, ಯಾವ ರೋಗಾಣು ಅಂತ ಲ್ಯಾಬಿನಲ್ಲಿ ನೋಡಬೇಕು. ಸಾಮಾನ್ಯವಾಗಿ ಕೆಲವು ವಾರ ಕಳೆದು ಈ ರಾಡನ್ನೂ ತೆಗೆದು ಬೇರೆ ಹಾಕಬೇಕಾಗುತ್ತದೆ. ಅಂದರೆ ಎರಡು ಮೂರು ಆಪರೇಷನ್, ತಿಂಗಳುಗಟ್ಟಲೆ ಓಡಾಟ.

ಈಗ ಸರ್ಕಾರದ ಲೆಕ್ಕ ನೋಡಿ. ಅಪಘಾತಕ್ಕೆ ಸಿಕ್ಕವರಿಗೆ 2016ರಲ್ಲಿ ರಾಜ್ಯ ಸರ್ಕಾರ ತಂದ ಹರೀಶ್ ಸಾಂತ್ವನ ಯೋಜನೆಯಲ್ಲಿ ಮೊದಲ 48 ಗಂಟೆಗೆ 25 ಸಾವಿರ ಅಂತ ನಿಗದಿಯಾಗಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ತಂದ ಯೋಜನೆಯಲ್ಲಿ 7 ದಿನಕ್ಕೆ ಒಂದೂವರೆ ಲಕ್ಷದವರೆಗೆ. ಜೀವ ಉಳಿಸೋಕೆ ಒಳ್ಳೆಯದೇ, ಬೇಡ ಅನ್ನೋರಿಲ್ಲ. ಆದರೆ ಕೀವು ಕ್ಯಾಲೆಂಡರ್ ನೋಡಿಕೊಂಡು ಬರೋದಿಲ್ಲವಲ್ಲ! 2018ರ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು, ಎಪಿಎಲ್‌ನವರಿಗೆ ನೂರಕ್ಕೆ ಮೂವತ್ತು ಅಂತ ನಿಗದಿಯಾಯಿತು. ಎಪಿಎಲ್ ಕಾರ್ಡಿನ ಸಣ್ಣ ಅಂಗಡಿಯವ ಮಿಕ್ಕ ಎಪ್ಪತ್ತು ಎಲ್ಲಿಂದ ತರಬೇಕು? ಗಲ್ಲಾದಿಂದಲೋ, ಹೆಂಡತಿಯ ಕೊರಳಿನಿಂದಲೋ?

ಕೇಳೋದು ಎರಡೇ. ಮೂಳೆ ಹೊರಬಂದ ಗಾಯವಾದರೆ ನೆರವನ್ನು ದಿನದ ಲೆಕ್ಕದಲ್ಲಿ ಕೊಡಬೇಡಿ, ಮೂಳೆ ಕೂಡುವವರೆಗೆ ಕೊಡಿ. ಔಷಧಿ ಬಳಿದ ರಾಡಿನ ಚಿಕಿತ್ಸೆ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸಿಗುವಂತೆ ಮಾಡಿ. ಇದಕ್ಕೆ ಕೋಟಿಯ ಯಂತ್ರ ಬೇಕಿಲ್ಲ, ಕಲಿತ ಕೈ ಮತ್ತು ಒಂದು ಒಳ್ಳೇ ಲ್ಯಾಬು ಸಾಕು.

ನಮ್ಮ ಪಾಲಿನದೂ ಇದೆ. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ನಾಟಿ ಕಟ್ಟಿಗೆ ಓಡಬೇಡಿ. ಶುಭ್ರ ಬಟ್ಟೆ ಮುಚ್ಚಿ ನೇರ ಆಸ್ಪತ್ರೆಗೆ ಹೋಗಿ, ಸಾಧ್ಯವಾದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಬೀಳಬೇಕು. ಕೀವು ಕಂಡರೆ ಮೆಡಿಕಲ್ ಸ್ಟೋರಿನ ಮಾತ್ರೆ ನಂಬಿ ಕೂರಬೇಡಿ. ಕಾಲು ನಿಮ್ಮದು. ಏಳನೇ ದಿನ ಕಳೆದ ಮೇಲೂ ಅದರ ಮೇಲೇ ನೀವು ನಿಲ್ಲಬೇಕು.