ನಡುಕಕ್ಕೂ ಅಂಕ ಕಳೆಯುತ್ತಾರೆ

ಕಾಲೇಜಿನ ಸಂದರ್ಶನಕ್ಕೆ ‘ನೀಟಾಗಿ ಬನ್ನಿ’ ಅಂತಾರೆ. ಈ ನೀಟು ಅಂದರೆ ಎಂತದು? ಒಗೆದ ಅಂಗಿಯೋ, ಇಲ್ಲಾ ಅಪ್ಪ ಕೊಡಿಸಿದ ಕೋಟೋ? ಅದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮ ಕಡೆಯ ಚಳಿ ಗೊತ್ತಲ್ಲ. ಡಿಸೆಂಬರ್, ಜನವರಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳಗು ಎಂದರೆ ಎದುರಿನ ಮರ ಕಾಣದ ಮಂಜು. ಕೋಲಸಿರ್ಸಿಯ ಹುಡುಗ ಹತ್ತು ಗಂಟೆಗೆ ಧಾರವಾಡದಲ್ಲಿ ಇರಬೇಕಾದರೆ ಕತ್ತಲಲ್ಲೇ ಬಸ್ಸು ಹಿಡಿಯಬೇಕು. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್. ಮನೆಯಲ್ಲಿ ಚಳಿಗೆ ಇರುವುದು ಕಂಬಳಿ. ಕಂಬಳಿ ಹೊದ್ದು ಸಂದರ್ಶನಕ್ಕೆ ಹೋಗಲಾದೀತೇ? ಇರುವ ಒಂದು ತೆಳು ಅಂಗಿ ತೊಟ್ಟು, ಕಿಟಕಿಯ ಗಾಳಿ ತಿನ್ನುತ್ತ ಹೋಗುತ್ತಾನೆ. ತುಟಿ ಒಡೆದಿರುತ್ತದೆ, ಕೈ ನಡುಗುತ್ತದೆ. ಮೇಜಿನ ಆಚೆ ಸ್ವೆಟರ್ ಹಾಕಿ ಕೂತವರು ಗೀಚಿಕೊಳ್ಳುತ್ತಾರೆ: ‘ಧೈರ್ಯ ಸಾಲದು.’

ಚಳಿಯನ್ನು ಅಂಜಿಕೆ ಎಂದು ಓದುವವರಿಗೆ ಪ್ರತಿಭೆ ಓದಲು ಬರುತ್ತದೆಯೇ?

ಲೆಕ್ಕ ನೋಡಿ. ಪಿಎಚ್.ಡಿ. ಪ್ರವೇಶಕ್ಕೆ ಯುಜಿಸಿಯ 2022ರ ನಿಯಮದಲ್ಲಿ ಪ್ರವೇಶ ಪರೀಕ್ಷೆಗೆ ನೂರಕ್ಕೆ 70, ಸಂದರ್ಶನಕ್ಕೆ 30. ಆ 30ರಲ್ಲಿ ಅಂಗಿಗೆ ಎಷ್ಟು, ಬೂಟಿಗೆ ಎಷ್ಟು ಅಂತ ನಿಯಮದಲ್ಲಿ ಬರೆದಿಲ್ಲ. ಬರೆಯದ ಅಂಕವೇ ನಮ್ಮನ್ನು ಹೊಡೆಯುವುದು.

ಬಟ್ಟೆ ಸಣ್ಣ ಮಾತಲ್ಲ. ನಮ್ಮ ಹಿರೀಕರು ಹೊಸ ಬಟ್ಟೆ ಉಟ್ಟು, ಚಪ್ಪಲಿ ಮೆಟ್ಟಿ ಊರೊಳಗೆ ನಡೆದರೆ ಏಟು ಬೀಳುತ್ತಿತ್ತು. ಹಳೇ ಕಥೆ ಅನ್ನಬೇಡಿ. ದಲಿತರು ಹೊಸ ಬಟ್ಟೆ ಉಡುವುದನ್ನು, ಚಪ್ಪಲಿ ಮೆಟ್ಟುವುದನ್ನು ತಡೆಯುವುದು ಅಪರಾಧ ಎಂದು 1989ರ ದೌರ್ಜನ್ಯ ತಡೆ ಕಾಯ್ದೆಗೆ ಸೇರಿಸಿದ ತಿದ್ದುಪಡಿ ಜಾರಿಯಾದದ್ದು 2016ರಲ್ಲಿ. ತಡೆಯುವವರೇ ಇಲ್ಲದಿದ್ದರೆ ಅದು ಎಂತಕ್ಕೆ ಬೇಕಿತ್ತು? ಅಂದು ಬಟ್ಟೆ ಉಟ್ಟದ್ದಕ್ಕೆ ಹೊಡೆದರು. ಇಂದು ಬಟ್ಟೆ ಸಾಲದೆಂದು ಹೊರಗೆ ಹಾಕುತ್ತಾರೆ. ಕೈ ಅದೇ.

1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರಿಗೆ ಹೇಳಿದ್ದು ಇದೇ: ಜಾತಿ ತೋರಿಸುವ ಉಡುಗೆ ಬಿಡಿ, ಹರಿದದ್ದಾದರೂ ಬಟ್ಟೆ ಶುಭ್ರವಾಗಿರಲಿ. ಅವರು ತೊಟ್ಟ ಕೋಟು ಶೋಕಿಯಲ್ಲ. ‘ನೀನು ಇಷ್ಟೇ’ ಅಂದವರಿಗೆ ಕೊಟ್ಟ ಉತ್ತರ.

ಆದ್ದರಿಂದ ‘ನಾನು ಬಡವ, ಹೀಗೇ ನಡುಗುತ್ತ ಬರುತ್ತೇನೆ’ ಎಂಬ ಹಟ ಬೇಡ. ಸಾಲ ಮಾಡಿ ಸೂಟು ಹೊಲಿಸುವುದೂ ಬೇಡ ಮಾರಾಯ. ಒಗೆದ ಅಂಗಿ, ಒಳಗೊಂದು ಬನಿಯನ್ನು, ಮೇಲೊಂದು ಸಾದಾ ಸ್ವೆಟರ್, ಕಾಲಿಗೆ ಬೂಟು. ಇಷ್ಟು ಸಾಕು. ಇಸ್ತ್ರಿ ಪೆಟ್ಟಿಗೆ ಇಲ್ಲವೇ? ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ತಿಕ್ಕಿ. ಹೆಣ್ಣುಮಕ್ಕಳಿಗೆ ಸೀರೆಯೇ ಆಗಬೇಕು ಅಂದರೆ, ‘ನಿಯಮ ಎಲ್ಲಿದೆ ತೋರಿಸಿ’ ಅನ್ನಿ. ಚೂಡಿದಾರದ ಮೇಲೆ ಸ್ವೆಟರ್ ಹಾಕಿ ನಡೆಯಿರಿ.

ಹಾಸ್ಟೆಲಿಗೊಂದು ಪೆಟ್ಟಿಗೆ ಮಾಡೋಣ. ನಾಲ್ಕು ಸ್ವೆಟರ್, ಎರಡು ಕೋಟು, ಮೂರು ಜೊತೆ ಬೂಟು. ಹೋಗುವವರು ತೊಟ್ಟು ಹೋಗಲಿ, ಬಂದು ಒಗೆದು ಇಡಲಿ. ಕೆಲಸ ಸಿಕ್ಕವರು ಒಂದೊಂದು ತಂದು ಹಾಕಲಿ. ಇದು ದಾನವಲ್ಲ, ನಮ್ಮ ಸೊತ್ತು.

ಕಾಲೇಜಿನವರಿಗೂ ಕೇಳೋಣ. ಸಂದರ್ಶನದಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಬೋರ್ಡಿಗೆ ಹಚ್ಚಿ. ಉಡುಪಿಗೆ ಸೊನ್ನೆ ಎಂದು ಬರೆಯಿರಿ. ದೂರದವರನ್ನು ಮಧ್ಯಾಹ್ನದ ಮೇಲೆ ಕರೆಯಿರಿ. ಇದರಲ್ಲಿ ಯಾವುದಕ್ಕೂ ಕಾಸು ಖರ್ಚಿಲ್ಲ.

ಗೆಳೆಯರೇ, ಬೆಚ್ಚಗೆ ಹೋಗಿ. ಗಟ್ಟಿಯಾಗಿ ಮಾತಾಡಿ. ನಡುಗುವ ಸರದಿ ಇನ್ನು ಅವರದಾಗಲಿ.